ನೇಪಾಳದ ಜನ, ದುಡ್ಡು, ದಿನದ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ನೇಪಾಳ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಹಿಮದ ಬೆಟ್ಟ, ಪಶುಪತಿನಾಥ, ಮತ್ತೆ ರಾತ್ರಿ ಸೀಟಿ ಊದುತ್ತಾ ನಮ್ಮ ಬೀದಿ ಸುತ್ತುವ ಕಾವಲುಗಾರ. ಆ ಕಾವಲುಗಾರ ಊರು ಬಿಟ್ಟು ಇಷ್ಟು ದೂರ ಯಾಕೆ ಬಂದ ಎಂದು ಕೇಳಿದವರು ಕಡಿಮೆ. ಇಲ್ಲಿರುವ ಹೆಚ್ಚಿನ ಪ್ರಶ್ನೆಗಳು ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತವೆ. ಜನಸಂಖ್ಯೆಯ ಲೆಕ್ಕಗಳು 2021ರ ಜನಗಣತಿಯವು.

ನೇಪಾಳದಲ್ಲಿ ಎಷ್ಟು ಜನ ಇದ್ದಾರೆ?

2 ಕೋಟಿ 91 ಲಕ್ಷ. ನಮ್ಮ ರಾಜ್ಯದ ಜೊತೆ ಹೋಲಿಸಿದರೆ ಅಳತೆ ಸಿಗುತ್ತದೆ. ನೇಪಾಳದ ನೆಲ ಕರ್ನಾಟಕದ ಮುಕ್ಕಾಲು ಭಾಗದಷ್ಟು. ಜನ ಮಾತ್ರ ಅರ್ಧಕ್ಕೂ ಕಡಿಮೆ. ಜನಸಂಖ್ಯೆ ಈಗ ವರ್ಷಕ್ಕೆ ಶೇ 1ರಷ್ಟೂ ಬೆಳೆಯುತ್ತಿಲ್ಲ. 1996ರಲ್ಲಿ ಒಬ್ಬ ತಾಯಿಗೆ ಸರಾಸರಿ 4.6 ಮಕ್ಕಳಿದ್ದರು. 2022ರ ಹೊತ್ತಿಗೆ ಅದು 2.1ಕ್ಕೆ ಇಳಿಯಿತು.

ಜನಗಣತಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಖ್ಯೆ ಬೇರೆ. ಅಲ್ಲಿ 100 ಹೆಂಗಸರಿಗೆ 96 ಗಂಡಸರೂ ಇಲ್ಲ. ಗಂಡುಮಕ್ಕಳು ಕಡಿಮೆ ಹುಟ್ಟಿದ್ದರಿಂದ ಹೀಗಾಗಿದ್ದಲ್ಲ. ಎಣಿಸಲು ಬಂದಾಗ ಅವರು ಮನೆಯಲ್ಲಿರಲಿಲ್ಲ. ಸುಮಾರು 22 ಲಕ್ಷ ಜನ ದೇಶದ ಹೊರಗಿದ್ದರು. ಅವರಲ್ಲಿ ಐದಕ್ಕೆ ನಾಲ್ಕು ಮಂದಿ ಗಂಡಸರು. ಹೆಚ್ಚುಕಡಿಮೆ ನಾಲ್ಕು ಮನೆಗೆ ಒಂದು ಮನೆಯಲ್ಲಿ ಯಾರಾದರೂ ಒಬ್ಬರು ಪರದೇಶದಲ್ಲಿದ್ದರು.

ಎಲ್ಲರೂ ಬೆಟ್ಟದ ಮೇಲೆಯೇ ವಾಸಿಸುತ್ತಾರಾ?

ಇಲ್ಲ. ಅರ್ಧಕ್ಕಿಂತ ಜಾಸ್ತಿ ಜನ, ಅಂದರೆ ಶೇ 53ಕ್ಕೂ ಹೆಚ್ಚು, ಇರುವುದು ತರಾಯಿಯಲ್ಲಿ. ಬಿಹಾರ, ಉತ್ತರ ಪ್ರದೇಶದ ಗಡಿಗೆ ಅಂಟಿಕೊಂಡ ಬಯಲು ಅದು. ಭತ್ತದ ಗದ್ದೆ, ಕಬ್ಬು, ಬೇಸಿಗೆಯ ಸುಡು ಬಿಸಿಲು, ಚಳಿಗಾಲದ ದಟ್ಟ ಮಂಜು ಎಲ್ಲ ಅಲ್ಲಿದೆ. ನಡುವಿನ ಗುಡ್ಡನಾಡಿನಲ್ಲಿ ಶೇ 40ರಷ್ಟು ಜನ. ನಾವು ಚಿತ್ರಗಳಲ್ಲಿ ನೋಡುವ ಎತ್ತರದ ಹಿಮಾಲ್ ಭಾಗದಲ್ಲಿ ಶೇ 6 ಮಾತ್ರ. ಮನಾಂಗ್ ಎಂಬ ಇಡೀ ಜಿಲ್ಲೆಯಲ್ಲಿ 6,000 ಜನ ಕೂಡ ಇಲ್ಲ. ಕಾಠ್ಮಂಡು ಜಿಲ್ಲೆ ಒಂದರಲ್ಲೇ 20 ಲಕ್ಷ.

ಗುಡ್ಡದ ಊರುಗಳು ಖಾಲಿಯಾಗುತ್ತಾ ಬಂದಿವೆ. 77 ಜಿಲ್ಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಿಲ್ಲೆಗಳ ಜನಸಂಖ್ಯೆ 2011ಕ್ಕಿಂತ 2021ರಲ್ಲಿ ಕಡಿಮೆಯಾಗಿತ್ತು.

ನೇಪಾಳದವರೆಲ್ಲ ಗೂರ್ಖಾಗಳೇ ಅಲ್ವಾ?

ಅಲ್ಲ. ಗೋರ್ಖಾ ಎನ್ನುವುದು ಕಾಠ್ಮಂಡು ಮತ್ತು ಪೋಖರಾದ ನಡುವಿನ ಒಂದು ಊರು, ಒಂದು ಜಿಲ್ಲೆ. ಅಲ್ಲಿನ ರಾಜ ಪೃಥ್ವಿನಾರಾಯಣ ಶಾ 18ನೇ ಶತಮಾನದಲ್ಲಿ ಸುತ್ತಲಿನ ಸಣ್ಣ ರಾಜ್ಯಗಳನ್ನು ಗೆದ್ದು ಇಂದಿನ ನೇಪಾಳಕ್ಕೆ ಅಡಿಪಾಯ ಹಾಕಿದರು. 1815ರಿಂದ ಬ್ರಿಟಿಷರು ಗುಡ್ಡಗಾಡಿನ ಯುವಕರನ್ನು ಸೈನ್ಯಕ್ಕೆ ಸೇರಿಸಿಕೊಂಡರು. ಊರಿನ ಹೆಸರೇ ಸೈನಿಕರ ಹೆಸರಾಯಿತು. ನಮ್ಮ ಕಡೆ ಬರುವ ಹೊತ್ತಿಗೆ ಅದು ಒಂದು ಕೆಲಸದ ಹೆಸರಾಗಿಬಿಟ್ಟಿತು. ಎದುರಿಗಿರುವವರಿಗೆ ಒಂದು ಹೆಸರಿರುತ್ತದೆ. ಆ ಹೆಸರು ಹಿಡಿದೇ ಕರೆಯೋಣ.

ಜನಗಣತಿಯಲ್ಲಿ 142 ಜಾತಿ ಮತ್ತು ಬುಡಕಟ್ಟುಗಳು, 124 ಭಾಷೆಗಳು ದಾಖಲಾಗಿವೆ. ನೇಪಾಳಿ ಮಾತೃಭಾಷೆಯಾಗಿರುವುದು ಶೇ 45ರಷ್ಟು ಜನರಿಗೆ ಮಾತ್ರ. ಆಮೇಲೆ ಮೈಥಿಲಿ, ಭೋಜಪುರಿ, ಥಾರು, ತಮಾಂಗ್ ಬರುತ್ತವೆ. ಹಿಂದೂಗಳು ಶೇ 81. ಬೌದ್ಧರು ಶೇ 8, ಮುಸ್ಲಿಮರು ಶೇ 5.

ದೇಶ ನಡೆಯುವುದು ಯಾವ ದುಡ್ಡಿನಿಂದ?

ಪ್ರವಾಸದಿಂದ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಒಂದು ಸಣ್ಣ ಲೆಕ್ಕ ನೋಡಿ. 2023ರ ವಸಂತದಲ್ಲಿ ಎವರೆಸ್ಟ್ ಹತ್ತಲು 478 ವಿದೇಶಿಯರಿಗೆ ಪರವಾನಗಿ ಕೊಟ್ಟರು. ತಲೆಗೆ 11,000 ಡಾಲರ್ ಶುಲ್ಕ. ಒಟ್ಟು ಅರ್ಧ ಕೋಟಿ ಡಾಲರ್ ಚಿಲ್ಲರೆ. ಈಚೆಗೆ ಆ ಶುಲ್ಕವನ್ನು 15,000 ಡಾಲರ್‌ಗೆ ಏರಿಸಿದ್ದಾರೆ. ಇನ್ನು ಪರದೇಶದಲ್ಲಿ ದುಡಿಯುವ ನೇಪಾಳಿಗಳು 2023-24ರಲ್ಲಿ ಮನೆಗೆ ಕಳಿಸಿದ ದುಡ್ಡು 1,000 ಕೋಟಿ ಡಾಲರ್‌ಗಿಂತ ಜಾಸ್ತಿ. ಎವರೆಸ್ಟ್ ಶುಲ್ಕಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ದೇಶದ ಒಟ್ಟು ಉತ್ಪನ್ನ ಸುಮಾರು 4,300 ಕೋಟಿ ಡಾಲರ್. ಅಂದರೆ ಹೊರಗಿನಿಂದ ಬರುವ ಹಣ ಅದರ ಕಾಲು ಭಾಗದಷ್ಟಾಯಿತು. ಬೇಸಾಯದಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅದನ್ನು ನಂಬಿಕೊಂಡವರು ದುಡಿಯುವ ಜನರಲ್ಲಿ ಅರ್ಧಕ್ಕಿಂತ ಹೆಚ್ಚು. ಕಾರ್ಖಾನೆಗಳು ಕಡಿಮೆ. ಹೊರಗೆ ಮಾರಲು ಇಲಾಮ್‌ನ ಚಹಾ, ದೊಡ್ಡ ಏಲಕ್ಕಿ, ಕಾರ್ಪೆಟ್, ಪಶ್ಮಿನಾ ಇವೆ. ಕೊಳ್ಳುವ ಪಟ್ಟಿ ಮಾತ್ರ ಮಾರುವ ಪಟ್ಟಿಗಿಂತ ಎಷ್ಟೋ ಪಟ್ಟು ಉದ್ದ.

ಜನ ಹೊರಗೆ ಹೋಗುವುದು ಎಲ್ಲಿಗೆ, ಹೇಗೆ?

ಭಾರತಕ್ಕೆ ಬರಲು ಪಾಸ್‌ಪೋರ್ಟ್, ವೀಸಾ ಬೇಕಿಲ್ಲ. 1950ರ ಒಪ್ಪಂದದಿಂದಾಗಿ ಇಲ್ಲಿ ಕೆಲಸ ಮಾಡಬಹುದು, ಮನೆ ಮಾಡಬಹುದು. ತೀರಾ ಬಡವರು, ಅದರಲ್ಲೂ ಪಶ್ಚಿಮದ ಗುಡ್ಡದವರು, ಇಲ್ಲಿಗೆ ಬರುತ್ತಾರೆ. ಬಸ್ ಚಾರ್ಜ್ ಇದ್ದರೆ ಸಾಕು. ಬೆಂಗಳೂರಿನ ಹೋಟೆಲ್ ಅಡುಗೆಮನೆಗಳಲ್ಲಿ, ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ಅವರನ್ನು ನಾವು ದಿನಾ ನೋಡುತ್ತೇವೆ.

ಸ್ವಲ್ಪ ಸಾಲ ಹುಟ್ಟಿಸಬಲ್ಲವರು ಖಾಡಿಗೆ, ಅಂದರೆ ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಕತಾರ್, ಸೌದಿ, ಎಮಿರೇಟ್ಸ್, ಇವುಗಳ ಜೊತೆಗೆ ಮಲೇಷ್ಯಾ. ಇದಕ್ಕೆ ಸರ್ಕಾರದಿಂದ 'ಶ್ರಮ ಸ್ವೀಕೃತಿ' ಎಂಬ ಪತ್ರ ಬೇಕು. ಈಚಿನ ವರ್ಷಗಳಲ್ಲಿ ಹೊಸದು, ನವೀಕರಿಸಿದ್ದು ಸೇರಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಪತ್ರ ಕೊಟ್ಟಿದ್ದಾರೆ. ಕೆಲಸ ಹುಡುಕಿಕೊಡುವ ಏಜೆನ್ಸಿಗೆ ಅಲ್ಲಿ 'ಮ್ಯಾನ್‌ಪವರ್' ಎನ್ನುತ್ತಾರೆ. ಊರೂರಲ್ಲಿ ಅದರ ದಲ್ಲಾಳಿಗಳಿರುತ್ತಾರೆ.

2015ರಲ್ಲಿ ಸರ್ಕಾರ ಒಂದು ನಿಯಮ ತಂದಿತು. ವೀಸಾ ಮತ್ತು ಟಿಕೆಟ್ ಖರ್ಚು ಕೆಲಸ ಕೊಡುವ ಕಂಪನಿಯದು, ಏಜೆನ್ಸಿ 10,000 ನೇಪಾಳಿ ರೂಪಾಯಿಗಿಂತ ಹೆಚ್ಚು ವಸೂಲಿ ಮಾಡಬಾರದು ಎಂದು. ಕಾಗದದ ಮೇಲೆ ಹಾಗೇ ಇದೆ. ಆದರೆ ಲಕ್ಷಗಟ್ಟಲೆ ಕೊಟ್ಟು ಹೋದವರೇ ಜಾಸ್ತಿ, ರಸೀದಿಯಲ್ಲಿ ಮಾತ್ರ 10,000. ಆ ಲಕ್ಷ ಬರುವುದು ಊರಿನ ಸಾಹುಕಾರನಿಂದ. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ ಅಲ್ಲಿ ಹೊಸದಲ್ಲ. ವರ್ಷಕ್ಕೆ ಶೇ 36 ಆಯಿತು. ಮೊದಲ ಒಂದೆರಡು ವರ್ಷದ ಸಂಬಳ ಮನೆಗೆ ಬರುವುದೇ ಇಲ್ಲ, ಸಾಲಕ್ಕೇ ಹೋಗುತ್ತದೆ. ಮಾಲೀಕ ಹೇಗೆ ನಡೆಸಿಕೊಂಡರೂ ಇವರು ಬಿಟ್ಟು ಬರಲಾರದೆ ಇರುವುದಕ್ಕೆ ಈ ಸಾಲವೇ ಕಾರಣ.

ಹೊರಗೆ ಹೋಗುವವರಿಗೆ ಅಪಾಯ ಎಷ್ಟು?

ಬಹಳ. ಪರದೇಶದಲ್ಲಿ ಸತ್ತ ಕೆಲಸಗಾರರ ಸಂಖ್ಯೆ ಈಚೆಗೆ ವರ್ಷಕ್ಕೆ ಸಾವಿರ ದಾಟಿದೆ. ಕಾಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣದಲ್ಲಿ ಹೂಮಾಲೆ, ಟೀಕಾ ಹಾಕಿಸಿಕೊಂಡು ಹೊರಡುವ ಯುವಕರ ಸಾಲು ಒಂದು ಕಡೆ. ಕೆಂಪು ಅಕ್ಷರದಲ್ಲಿ ಹೆಸರು ಬರೆದ ಮರದ ಪೆಟ್ಟಿಗೆಗಳು ಹೊರಬರುವುದು ಇನ್ನೊಂದು ಕಡೆ. ಸತ್ತವರಲ್ಲಿ ಹೆಚ್ಚಿನವರು ಮೂವತ್ತು, ನಲವತ್ತರ ಆಸುಪಾಸಿನವರು. ಸಾವಿನ ಪತ್ರದಲ್ಲಿ ಹೃದಯ ನಿಂತಿತು, ಸಹಜ ಸಾವು ಎಂದಷ್ಟೇ ಬರೆದಿರುತ್ತದೆ. ಗಟ್ಟಿಮುಟ್ಟಾಗಿ ಆರೋಗ್ಯ ತಪಾಸಣೆ ಪಾಸಾಗಿ ಹೋದ ಹುಡುಗನ ಸಾವು ಹೇಗೆ ಸಹಜವಾಗುತ್ತದೆ? ಇದನ್ನು ಸರಿಯಾಗಿ ತನಿಖೆ ಮಾಡದೆ ಬಿಡುವುದು ದೊಡ್ಡ ಅನ್ಯಾಯ ಎಂದೇ ನನ್ನ ಭಾವನೆ. ಸುಡು ಬಿಸಿಲಲ್ಲಿ ಸಾಕಷ್ಟು ನೀರಿಲ್ಲದೆ ದುಡಿದು, ಕಿಡ್ನಿ ಕೆಟ್ಟು ವಾಪಸ್ ಬಂದು, ಡಯಾಲಿಸಿಸ್ ಮೇಲೆ ಬದುಕುತ್ತಿರುವವರೂ ಇದ್ದಾರೆ.

ಹಾಗಾದರೆ ಆ ದುಡ್ಡಿನಿಂದ ಬದುಕು ಸುಧಾರಿಸಿಲ್ಲವೇ?

ಸುಧಾರಿಸಿದೆ. ಇದನ್ನು ಮುಚ್ಚಿಡಬಾರದು. 1995-96ರಲ್ಲಿ ನೂರಕ್ಕೆ 42 ಮಂದಿ ಬಡತನದ ರೇಖೆಯ ಕೆಳಗಿದ್ದರು. 2010-11ರಲ್ಲಿ 25. 2022-23ರ ಸಮೀಕ್ಷೆಯಲ್ಲಿ 20. ಈ ಕೊನೆಯ ಇಳಿಕೆ ಚಿಕ್ಕದು ಎನಿಸುತ್ತದೆ ಅಲ್ವಾ? ಆದರೆ ಆ ಸಲ ರೇಖೆಯನ್ನೇ ಮೇಲಕ್ಕೆ ಎತ್ತಿದರು. ವರ್ಷಕ್ಕೆ ತಲೆಗೆ 72,908 ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ ತಿಂಗಳಿಗೆ 3,800 ರೂಪಾಯಿಯಷ್ಟು. ಹಳೆಯ ಅಳತೆಯಲ್ಲೇ ಅಳೆದಿದ್ದರೆ ಬಡವರು ಶೇ 4ಕ್ಕಿಂತ ಕಡಿಮೆ.

ಎಲ್ಲ ಕಡೆ ಒಂದೇ ರೀತಿ ಇಲ್ಲ. ಪೋಖರಾ ಇರುವ ಗಂಡಕಿ ಪ್ರಾಂತ್ಯದಲ್ಲಿ ಬಡವರು ಶೇ 12. ದೂರ ಪಶ್ಚಿಮದ ಸುದೂರಪಶ್ಚಿಮ ಪ್ರಾಂತ್ಯದಲ್ಲಿ ಶೇ 34. ಗಂಡಕಿಯ ಮನೆಗಳಲ್ಲಿ ಸೈನ್ಯದ ಪಿಂಚಣಿ, ಕೊಲ್ಲಿ ದೇಶದ ಸಂಬಳ ಮೊದಲಿನಿಂದಲೂ ಇತ್ತು. ಪಶ್ಚಿಮದವರು ಬಂದದ್ದು ಭಾರತದ ದಿನಗೂಲಿಗೆ. ವ್ಯತ್ಯಾಸಕ್ಕೆ ಇದೂ ಒಂದು ಕಾರಣ.

ಊರಲ್ಲಿ ಉಳಿದವರು ಹೇಗೆ ಬದುಕುತ್ತಾರೆ?

ಅತ್ತೆ, ಸೊಸೆ, ಮಕ್ಕಳು, ಮುದುಕರು. ಗುಡ್ಡದ ಅನೇಕ ಹಳ್ಳಿಗಳಲ್ಲಿ ನೇಗಿಲು ಹಿಡಿಯುವ ಗಂಡಸು ಸಿಗುವುದೇ ಕಷ್ಟ. ನೇಗಿಲು ಹೆಂಗಸರು ಮುಟ್ಟಬಾರದು ಎಂಬ ಹಳೆಯ ಕಟ್ಟಳೆಯನ್ನು ಅಗತ್ಯವೇ ಮುರಿಸಿದ ಊರುಗಳಿವೆ. ಮೇಲಿನ ಗದ್ದೆಗಳು ಬೀಳು ಬಿದ್ದಿವೆ. ಅಲ್ಲಿ ಪೊದೆ ಬೆಳೆದು, ಕಾಡು ಇಳಿದು, ಮಂಗಗಳು ಬಂದಿವೆ. ಜೋಳ ಬೆಳೆದವರು ದಿನವಿಡೀ ಮಂಗ ಕಾಯುತ್ತಾ ಕೂರಬೇಕು. ನಮ್ಮ ಮಲೆನಾಡಿನವರಿಗೆ ಈ ಸಂಕಟ ವಿವರಿಸಿ ಹೇಳಬೇಕಿಲ್ಲ.

ಕಾಡು ಮರಳಿದ್ದಕ್ಕೆ ಒಳ್ಳೆಯ ಕಾರಣವೂ ಇದೆ. 1993ರ ಅರಣ್ಯ ಕಾಯ್ದೆ ಊರಿನ ಕಾಡನ್ನು ಊರಿನವರ ಗುಂಪಿಗೇ ಒಪ್ಪಿಸಿತು. ಈಗ 22,000ಕ್ಕೂ ಹೆಚ್ಚು ಗುಂಪುಗಳಿವೆ. ಸೌದೆ, ಸೊಪ್ಪು ಯಾವಾಗ ತರಬೇಕು, ಎಷ್ಟು ತರಬೇಕು ಎಂದು ಅವರೇ ತೀರ್ಮಾನಿಸುತ್ತಾರೆ. ಬೋಳಾಗಿದ್ದ ಗುಡ್ಡಗಳು ಹಸಿರಾದವು. ಇಂದು ದೇಶದ ಶೇ 45ರಷ್ಟು ನೆಲ ಕಾಡು. ಜಗತ್ತು ಕಲಿಯಬೇಕಾದ ಕೆಲಸ ಇದು.

ಮನೆಯೊಳಗೆ ಏನೇನಿದೆ? ಶೇ 92 ಮನೆಗಳಲ್ಲಿ ವಿದ್ಯುತ್ ದೀಪ. ಶೇ 73ರಲ್ಲಿ ಸ್ಮಾರ್ಟ್‌ಫೋನ್, ಸಂಜೆ ದುಬೈಗೆ ವಿಡಿಯೋ ಕರೆ ಹೋಗುವುದು ಅದರಲ್ಲೇ. ಶೌಚಾಲಯ ಬಹುತೇಕ ಎಲ್ಲ ಕಡೆ ಇದೆ. ಅಡುಗೆ ಮಾತ್ರ ಅರ್ಧದಷ್ಟು ಮನೆಗಳಲ್ಲಿ ಇನ್ನೂ ಸೌದೆ ಒಲೆಯಲ್ಲಿ.

ಊಟ ಏನು?

ಎರಡು ಹೊತ್ತು ದಾಲ್ ಭಾತ್. ಅನ್ನ, ಬೇಳೆ, ಪಲ್ಯ, ಜೊತೆಗೆ ಉಪ್ಪಿನಕಾಯಿ. ಗುಡ್ಡದಲ್ಲಿ 'ಢಿಂಡೋ' ಮಾಡುತ್ತಾರೆ. ಕುದಿಯುವ ನೀರಿಗೆ 'ಕೋದೋ' ಹಿಟ್ಟು ಹಾಕಿ ಗಂಟಾಗದಂತೆ ತಿರುವುವುದು. ಕೋದೋ ಎಂದರೆ ರಾಗಿ. ಅಂದರೆ ಅದು ನಮ್ಮ ಮುದ್ದೆಯೇ! ಅವರೂ ಜಗಿಯದೆ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ರಾಗಿ ತಿನ್ನುವವರು ಬಡವರು ಎಂಬ ಕೀಳರಿಮೆ ಅಲ್ಲೂ ಇತ್ತು. ಈಗ ಪಟ್ಟಣದ ಹೋಟೆಲುಗಳಲ್ಲಿ ಢಿಂಡೋಗೆ ಒಳ್ಳೆಯ ರೇಟು.

ಅಷ್ಟೊಂದು ನದಿಗಳಿವೆ, ಕರೆಂಟಿಗೆ ಬರ ಇರಬಾರದು ಅಲ್ವಾ?

ಇತ್ತು, ಭೀಕರವಾಗಿ. ಶಿವನಸಮುದ್ರದಲ್ಲಿ ವಿದ್ಯುತ್ ಶುರುವಾದ ಒಂಬತ್ತು ವರ್ಷಕ್ಕೆ, 1911ರಲ್ಲೇ, ಕಾಠ್ಮಂಡು ಹತ್ತಿರದ ಫರ್ಪಿಂಗ್‌ನಲ್ಲಿ 500 ಕಿಲೋವಾಟ್‌ನ ಜಲವಿದ್ಯುತ್ ಘಟಕ ಬಂತು. ಆಗ ದೇಶ ಆಳುತ್ತಿದ್ದ ರಾಣಾ ಮನೆತನದ ಅರಮನೆ ಬೆಳಗಲು. ಜನರ ಮನೆಗೆ ಬೆಳಕು ಬರಲು ಎಷ್ಟೋ ದಶಕ ಬೇಕಾಯಿತು. 2016ರ ತನಕ ಚಳಿಗಾಲದಲ್ಲಿ ದಿನಕ್ಕೆ 16 ಗಂಟೆಯವರೆಗೂ ಲೋಡ್ ಶೆಡ್ಡಿಂಗ್ ಇರುತ್ತಿತ್ತು. ಮಕ್ಕಳು ಮೇಣದ ಬತ್ತಿಯಲ್ಲಿ ಓದಿದರು. ಸಣ್ಣ ಕಾರ್ಖಾನೆಗಳು ಡೀಸೆಲ್ ಸುಟ್ಟು ಸುಟ್ಟು ಮುಚ್ಚಿದವು.

ಆ ವರ್ಷ ಕುಲ್ಮಾನ್ ಘಿಸಿಂಗ್ ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾದರು. ಹಂಚಿಕೆ ಸರಿಪಡಿಸಿದರು, ಭಾರತದಿಂದ ಹೆಚ್ಚು ಕೊಂಡರು, ದೊಡ್ಡ ಕೈಗಾರಿಕೆಗಳಿಗೆ ತಡೆಯಿಲ್ಲದೆ ಹೋಗುತ್ತಿದ್ದ ವಿದ್ಯುತ್ತಿಗೆ ಕಡಿವಾಣ ಹಾಕಿದರು. ದೀಪಾವಳಿ ಹೊತ್ತಿಗೆ ಕಾಠ್ಮಂಡುವಿನಲ್ಲಿ ದೀಪ ಆರಲಿಲ್ಲ. 2021ರಲ್ಲಿ 456 ಮೆಗಾವಾಟ್‌ನ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಘಟಕ ಶುರುವಾಯಿತು. ಈಗ ಮಳೆಗಾಲದಲ್ಲಿ ನೇಪಾಳವೇ ಭಾರತಕ್ಕೆ ವಿದ್ಯುತ್ ಮಾರುತ್ತದೆ. 2024ರ ನವೆಂಬರ್‌ನಲ್ಲಿ ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೂ 40 ಮೆಗಾವಾಟ್ ಕಳಿಸಿತು. ಚಳಿಗಾಲದಲ್ಲಿ ನದಿ ಸೊರಗಿದಾಗ ಮತ್ತೆ ಕೊಳ್ಳಬೇಕು. ನೀರು ತುಂಬಿಡುವ ದೊಡ್ಡ ಜಲಾಶಯಗಳು ಇಲ್ಲ. ಹೆಚ್ಚಿನವು ಹರಿಯುವ ನೀರಿಗೆ ಟರ್ಬೈನ್ ಒಡ್ಡುವ ಘಟಕಗಳು.

ಇನ್ನೊಂದು ಖುಷಿಯ ವಿಷಯ. ಈಗ ಅಲ್ಲಿಗೆ ಬರುವ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಎಲೆಕ್ಟ್ರಿಕ್.

ಭಾರತದ ಮೇಲೆ ಎಷ್ಟು ಅವಲಂಬನೆ ಇದೆ?

ವ್ಯಾಪಾರದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನಮ್ಮ ಜೊತೆ. ಪೆಟ್ರೋಲ್, ಡೀಸೆಲ್, ಗ್ಯಾಸ್ ಎಲ್ಲ ಇಲ್ಲಿಂದಲೇ. 2019ರಿಂದ ಬಿಹಾರದ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ಗೆ ಪೈಪ್‌ಲೈನ್ ಇದೆ. ನಮ್ಮ 1 ರೂಪಾಯಿಗೆ ಅವರ 1.60. 1993ರಿಂದ ಈ ದರ ಬದಲಾಗಿಲ್ಲ. ಹೀಗಾಗಿ ಇಲ್ಲಿ ಬೆಲೆ ಏರಿದರೆ ಅಲ್ಲೂ ಏರುತ್ತದೆ.

2015ರ ಕೊನೆಯಲ್ಲಿ ಹೊಸ ಸಂವಿಧಾನದ ವಿರುದ್ಧ ಮಧೇಶಿಗಳ, ಅಂದರೆ ತರಾಯಿ ಬಯಲಿನ ಜನರ, ಹೋರಾಟದ ಹೊತ್ತಿಗೆ ಗಡಿಯಲ್ಲಿ ಲಾರಿಗಳು ನಾಲ್ಕು ತಿಂಗಳಿಗೂ ಹೆಚ್ಚು ನಿಂತವು. ಅದೇ ವರ್ಷದ ಏಪ್ರಿಲ್ ಭೂಕಂಪದಲ್ಲಿ ಮನೆ ಕಳೆದುಕೊಂಡವರು ಗ್ಯಾಸ್, ಔಷಧಿ ಇಲ್ಲದೆ ಚಳಿಗಾಲ ಕಳೆದರು. ಭಾರತವೇ ತಡೆದಿದ್ದು ಎಂದು ಅಲ್ಲಿನ ಸಾಮಾನ್ಯ ಜನ ನಂಬುತ್ತಾರೆ. ಭಾರತ ಅದನ್ನು ಒಪ್ಪಿಲ್ಲ. ನೇಪಾಳಿ ಗೆಳೆಯರ ಜೊತೆ ಮಾತಾಡುವಾಗ ಈ ನೋವು ನೆನಪಿರಲಿ.

ಆಸ್ಪತ್ರೆ, ಹೆರಿಗೆ, ಮಕ್ಕಳ ಆರೋಗ್ಯ ಹೇಗಿದೆ?

ನೇಪಾಳದ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಮೂಡಿಸಿದ್ದು ಇದೇ. 1996ರಲ್ಲಿ ಒಂದು ಲಕ್ಷ ಹೆರಿಗೆಗೆ 539 ತಾಯಂದಿರು ಸಾಯುತ್ತಿದ್ದರು. 2021ರಲ್ಲಿ 151. ಐದು ವರ್ಷದೊಳಗಿನ ಮಕ್ಕಳ ಸಾವು ಅದೇ ಅವಧಿಯಲ್ಲಿ ಸಾವಿರಕ್ಕೆ 118ರಿಂದ 33ರ ಆಸುಪಾಸಿಗೆ ಇಳಿಯಿತು. ನಡುವೆ ಹತ್ತು ವರ್ಷ ಮಾವೋವಾದಿಗಳ ಯುದ್ಧ ನಡೆದು ಸುಮಾರು 17,000 ಜನ ಸತ್ತರು. ಆಗಲೂ ಈ ಕೆಲಸ ನಿಲ್ಲಲಿಲ್ಲ.

ಮಾಡಿದವರು ಯಾರು? 1988ರಲ್ಲಿ ಶುರುವಾದ ಮಹಿಳಾ ಆರೋಗ್ಯ ಸ್ವಯಂಸೇವಕಿಯರು. ಈಗ 50,000 ಮಂದಿ. ನಮ್ಮ ಆಶಾ ಕಾರ್ಯಕರ್ತೆಯರಂತೆ, ಆದರೆ ಅವರಿಗಿಂತ ಎಷ್ಟೋ ಮೊದಲೇ. ಓದು ಬರಹ ಬಾರದವರೂ ಇದ್ದರು. ಚಿತ್ರ ನೋಡಿ ಕಲಿತು, ಗುಡ್ಡ ಹತ್ತಿ ಇಳಿದು, ವರ್ಷಕ್ಕೆ ಎರಡು ಸಲ ಮಕ್ಕಳಿಗೆ ವಿಟಮಿನ್ ಎ ಕುಡಿಸಿದರು. ಸಂಬಳ ಇಲ್ಲ. ಅದು ಸರಿಯಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ತಾಯಿಗೆ ಪ್ರಯಾಣದ ಹಣ ಕೊಡುತ್ತಾರೆ. ಹಿಮಾಲ್‌ನಲ್ಲಿ 3,000, ಗುಡ್ಡದಲ್ಲಿ 2,000, ತರಾಯಿಯಲ್ಲಿ 1,000 ನೇಪಾಳಿ ರೂಪಾಯಿ. ದಾರಿ ಕಷ್ಟವಾದಷ್ಟೂ ಹಣ ಜಾಸ್ತಿ. ಎಷ್ಟು ಸರಳ, ಎಷ್ಟು ನ್ಯಾಯ!

ಹೆಣ್ಣುಮಕ್ಕಳ ಸ್ಥಿತಿ?

ಎರಡೂ ಮುಖ ಇದೆ. ಓದುಬಲ್ಲ ಗಂಡಸರು ಶೇ 84, ಹೆಂಗಸರು ಶೇ 69. ಮನೆ ಅಥವಾ ಜಮೀನು ಹೆಂಗಸರ ಹೆಸರಲ್ಲಿರುವುದು ನಾಲ್ಕರಲ್ಲಿ ಒಂದು ಕುಟುಂಬದಲ್ಲೂ ಇಲ್ಲ. ಪಶ್ಚಿಮದ ಕೆಲವು ಕಡೆ 'ಛೌಪಡಿ' ಎಂಬ ಪದ್ಧತಿಯಲ್ಲಿ ಮುಟ್ಟಾದವರನ್ನು ದನದ ಕೊಟ್ಟಿಗೆಯಂಥ ಗುಡಿಸಲಲ್ಲಿ ಮಲಗಿಸುತ್ತಾರೆ. ಚಳಿಗೆ ಹಾಕಿದ ಬೆಂಕಿಯ ಹೊಗೆಯಿಂದ, ಹಾವು ಕಚ್ಚಿ ಸತ್ತವರಿದ್ದಾರೆ. 2005ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. 2017ರ ಕಾನೂನು ಮೂರು ತಿಂಗಳ ಜೈಲು ಎಂದಿತು. ಪೂರ್ತಿ ನಿಂತಿಲ್ಲ.

ಇನ್ನೊಂದು ಕಡೆ, 753 ಸ್ಥಳೀಯ ಸಂಸ್ಥೆಗಳ ಪ್ರತಿ ವಾರ್ಡಿನಲ್ಲೂ ಒಬ್ಬ ಮಹಿಳೆ, ಅದರ ಜೊತೆಗೆ ಒಬ್ಬ ದಲಿತ ಮಹಿಳೆ ಚುನಾಯಿತ ಸದಸ್ಯರಾಗಿ ಇರಲೇಬೇಕು. ದಲಿತ ಹೆಣ್ಣುಮಗಳು ಕುರ್ಚಿಯಲ್ಲಿ ಕೂತು ಊರಿನ ಖರ್ಚು ಕೇಳುವುದು ಸಣ್ಣ ಮಾತಲ್ಲ.

2015ರ ಭೂಕಂಪದಿಂದ ಚೇತರಿಸಿಕೊಂಡಿದ್ದಾರಾ?

ಬಹುಮಟ್ಟಿಗೆ. ಏಪ್ರಿಲ್ 25ರ 7.8 ತೀವ್ರತೆಯ ಕಂಪನದಲ್ಲಿ ಸುಮಾರು 9,000 ಜನ ಸತ್ತರು. 5 ಲಕ್ಷದಷ್ಟು ಮನೆಗಳು ಪೂರ್ತಿ ಬಿದ್ದವು. ಮನೆಗೆ 3 ಲಕ್ಷ ನೇಪಾಳಿ ರೂಪಾಯಿ ಕೊಟ್ಟರು, ಕಂತಿನಲ್ಲಿ, ಎಂಜಿನಿಯರ್ ನೋಡಿ ಒಪ್ಪಿದ ಮೇಲೆ. ಹಣ ಸಾಲದೆ ಕಟ್ಟಲು ಮತ್ತೆ ಖಾಡಿಗೆ ಹೋದವರಿದ್ದಾರೆ.

2025ರ ಸೆಪ್ಟೆಂಬರ್‌ನಲ್ಲಿ ಯುವಕರು ಯಾಕೆ ಬೀದಿಗಿಳಿದರು?

ಸರ್ಕಾರ ಫೇಸ್‌ಬುಕ್, ಯೂಟ್ಯೂಬ್, ವಾಟ್ಸಾಪ್ ಸೇರಿ 26 ಜಾಲತಾಣಗಳನ್ನು ಮುಚ್ಚಿತು. ಪರದೇಶದ ಅಪ್ಪ, ಗಂಡ, ಮಗನ ಮುಖ ನೋಡಲು ಇದ್ದ ಕಿಟಕಿ ಅದು. ಅದಕ್ಕೂ ಮೊದಲೇ ಭ್ರಷ್ಟಾಚಾರದ ಮೇಲೆ, ರಾಜಕಾರಣಿಗಳ ಮಕ್ಕಳ ಐಷಾರಾಮದ ಮೇಲೆ ಸಿಟ್ಟು ಹೊಗೆಯಾಡುತ್ತಿತ್ತು. ಯುವಕರ ನಿರುದ್ಯೋಗ ಶೇ 20 ದಾಟಿತ್ತು. ಸೆಪ್ಟೆಂಬರ್ 8ರಂದು ಪೊಲೀಸ್ ಗುಂಡಿಗೆ 19 ಮಂದಿ ಬಲಿಯಾದರು. ಮರುದಿನ ಸಂಸತ್ತು, ಸರ್ಕಾರದ ಕಚೇರಿಗಳಿರುವ ಸಿಂಹ ದರ್ಬಾರ್ ಹೊತ್ತಿ ಉರಿದವು. ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಸತ್ತವರು ಒಟ್ಟು 70ಕ್ಕೂ ಹೆಚ್ಚು. ಸೆಪ್ಟೆಂಬರ್ 12ರಂದು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಹಂಗಾಮಿ ಪ್ರಧಾನಿಯಾದರು. ದೇಶದ ಮೊದಲ ಮಹಿಳಾ ಪ್ರಧಾನಿ.

ಕರ್ನಾಟಕಕ್ಕೂ ನೇಪಾಳಕ್ಕೂ ಏನಾದರೂ ನಂಟಿದೆಯೇ?

ಇದೆ, ಹಳೆಯದು. ಪಶುಪತಿನಾಥನ ಮುಖ್ಯ ಅರ್ಚಕರಾದ ಭಟ್ಟರು ಕರ್ನಾಟಕದಿಂದ ಹೋದವರು. ನಮ್ಮ ದೇವರ ಮನೆಯ ಸಾಲಿಗ್ರಾಮ ಬರುವುದು ಮುಕ್ತಿನಾಥದ ಕೆಳಗೆ ಹರಿಯುವ ಕಾಳಿ ಗಂಡಕಿಯಿಂದ. ತರಾಯಿಯ ಸಿಮ್ರೌನ್‌ಗಢದಲ್ಲಿ 1097ರಲ್ಲಿ ನಾನ್ಯದೇವ ಕಟ್ಟಿದ ರಾಜವಂಶದ ಹೆಸರೇ ಕರ್ನಾಟ ವಂಶ.

ಹೊರಗೆ ಹೋದವರು ಮರಳಿ ಬರುತ್ತಾರಾ?

ಬರುತ್ತಾರೆ, ಆದರೆ ಬಿಟ್ಟುಹೋದ ಗುಡ್ಡಕ್ಕಲ್ಲ. ಚಿತ್ವನ್‌ನಂಥ ಬಯಲಲ್ಲಿ, ಹೆದ್ದಾರಿ ಬದಿಯ ಪೇಟೆಯಲ್ಲಿ ಒಂದಿಷ್ಟು ಜಾಗ ಕೊಂಡು ಮನೆ ಕಟ್ಟುತ್ತಾರೆ. ಮಕ್ಕಳನ್ನು 'ಬೋರ್ಡಿಂಗ್' ಶಾಲೆಗೆ ಹಾಕುತ್ತಾರೆ. ಅಲ್ಲಿ ಹಾಗೆಂದರೆ ಹಾಸ್ಟೆಲ್ ಅಲ್ಲ, ಖಾಸಗಿ ಇಂಗ್ಲಿಷ್ ಶಾಲೆ. ಆ ಮಕ್ಕಳು ಹನ್ನೆರಡನೇ ತರಗತಿ ಮುಗಿಸಿ ಆಸ್ಟ್ರೇಲಿಯಾ, ಜಪಾನ್ ಎಂದು ಹೊರಡುತ್ತಾರೆ. ಓದಲು ಹೊರಡುವವರಿಗೆ ಸರ್ಕಾರ ಈಗ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಒಪ್ಪಿಗೆ ಪತ್ರ ಕೊಡುತ್ತಿದೆ.

ಹೊರಗಿರುವವರಿಗೂ ಮತ ಹಾಕಲು ವ್ಯವಸ್ಥೆ ಮಾಡಿ ಎಂದು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಹೇಳಿತ್ತು. 2022ರ ಚುನಾವಣೆಯಲ್ಲಿ ದೋಹಾದಲ್ಲಿ, ಕ್ವಾಲಾಲಂಪುರದಲ್ಲಿ ಇದ್ದವರು ಫೋನಿನಲ್ಲಿ ಫಲಿತಾಂಶ ನೋಡಿದರು. ಮತ ಹಾಕಲು ಅವರಿಗೆ ದಾರಿ ಇರಲಿಲ್ಲ.